ಬಾಗಿಲ ಸ್ವಸ್ತಿಕ, ಬೆಂಚಿನ ಸ್ವಸ್ತಿಕ

ಹಬ್ಬದ ದಿನ ಬೆಳಗ್ಗೆ ಬಾಗಿಲು ತೊಳೆದು, ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಮುಂದೆ ರಂಗೋಲೆ ಇಡುವಾಗ ನಮ್ಮ ಹೆಣ್ಣುಮಕ್ಕಳ ಕೈ ತಾನಾಗಿಯೇ ಒಂದು ಸ್ವಸ್ತಿಕವನ್ನು ಎಳೆದುಬಿಡುತ್ತದೆ. ಅದಕ್ಕೆ ಯೋಚನೆ ಬೇಕಿಲ್ಲ. ಅಂಗಡಿಯವರು ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕ ತೆರೆದರೆ ಮೊದಲ ಪುಟದಲ್ಲಿ ಅದೇ ಗುರುತು. ಅದರ ಎಡಬಲಕ್ಕೆ ಶುಭ, ಲಾಭ. ಜೈನರಲ್ಲಿ ಅದು ಏಳನೆಯ ತೀರ್ಥಂಕರನಾದ ಸುಪಾರ್ಶ್ವನಾಥನ ಲಾಂಛನ. ದೇವರ ಮುಂದೆ ಅಕ್ಕಿಯ ಕಾಳುಗಳಿಂದ ಅದನ್ನು ಬರೆಯುತ್ತಾರೆ. ಸಿಂಧೂ ಕಣಿವೆಯ ಮುದ್ರೆಗಳಲ್ಲಿಯೂ ಅದು ಉಂಟು. ಅಷ್ಟು ಹಳೆಯದು, ಅಷ್ಟು ಮನೆಯದು.

ಇಂಥ ಗುರುತನ್ನು ಬರೆದದ್ದಕ್ಕಾಗಿ ಹನ್ನೊಂದು ವರ್ಷದ ಹುಡುಗನೊಬ್ಬನ ತಾಯಿಯನ್ನು ಶಾಲೆಗೆ ಬರಹೇಳಿದರು. ಹುಡುಗ ಬೇರೆ ಯಾರೂ ಅಲ್ಲ, ನನ್ನ ತಂಗಿಯ ಮೊಮ್ಮಗ. ಅವನ ತಾಯಿ, ಎಂದರೆ ನನ್ನ ಸೋದರಸೊಸೆ, ಗಂಡನ ಉದ್ಯೋಗದ ನಿಮಿತ್ತ ದಕ್ಷಿಣ ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಸಂಸಾರ ಹೂಡಿದ್ದಾಳೆ. ಫೋನಿನಲ್ಲಿ ನನಗೆ ಮಾತು ಸರಿಯಾಗಿ ಕೇಳಿಸುವುದಿಲ್ಲವಾದ್ದರಿಂದ ಆಕೆ ಈಗಲೂ ಕಾಗದ ಬರೆಯುತ್ತಾಳೆ. ಈ ಸಲದ ಕಾಗದ ಸಿಟ್ಟಿನಿಂದಲೇ ಆರಂಭವಾಗಿತ್ತು. "ಮಾವ, ಕಳವಾದದ್ದು ನಮ್ಮ ಮನೆಯ ವಸ್ತು. ಆದರೂ ಕೈಕಟ್ಟಿ ನಿಂತು ಸಮಜಾಯಿಷಿ ಹೇಳಬೇಕಾದವಳು ನಾನು" ಎಂದು ಬರೆದಿದ್ದಳು. ದೀಪಾವಳಿಗೆಂದು ಹುಡುಗ ತನ್ನ ತರಗತಿಯವರಿಗೆ ಶುಭಾಶಯದ ಕಾರ್ಡುಗಳನ್ನು ಕೈಯಾರೆ ಮಾಡಿ, ದೀಪದ ಪಕ್ಕದಲ್ಲಿ ಕೆಂಪು ಬಣ್ಣದ ಸ್ವಸ್ತಿಕ ಬರೆದುಕೊಂಡು ಹೋಗಿದ್ದನಂತೆ.

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಪಾಠ ಹೇಳಿದವನು. ಆದ್ದರಿಂದ ಕಾಗದ ಓದುತ್ತಿದ್ದಂತೆ ನನ್ನ ಮನಸ್ಸು ಹೋದದ್ದು ಆ ಉಪಾಧ್ಯಾಯಿನಿಯ ಕಡೆಗೆ. ಕೈಯಲ್ಲಿ ಕಾರ್ಡು, ಎದುರಿಗೆ ಸಂಭ್ರಮದಿಂದ ನಿಂತ ಹುಡುಗ, ಸುತ್ತ ಇಪ್ಪತ್ತೈದು ಜೊತೆ ಕಣ್ಣು. ಆಕೆಯ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ದ್ವೇಷದ ಗುರುತು, ತಿರಸ್ಕಾರದ ಮಾತು ತರಗತಿಯೊಳಕ್ಕೆ ಬಂದಾಗ ಮೇಷ್ಟರಾದವರು ಏನು ಮಾಡಬೇಕು? ಈ ಹೊತ್ತು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಇದನ್ನು ಕುರಿತು.

ನಮ್ಮ ಸ್ವಸ್ತಿಕ ಅಲ್ಲಿಗೆ ಹೋದ ಬಗೆಯನ್ನು ಮೊದಲು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. 1870ರ ದಶಕದಲ್ಲಿ ಹೈನ್ರಿಖ್ ಶ್ಲೀಮನ್ ಎಂಬಾತ ಟ್ರಾಯ್ ಪಟ್ಟಣದ ಅವಶೇಷಗಳನ್ನು ಅಗೆದಾಗ ಮಣ್ಣಿನ ಸಾಮಾನುಗಳ ಮೇಲೆ ಈ ಗುರುತು ಸಿಕ್ಕಿತು. ಭಾರತದಲ್ಲಿಯೂ ಇದೆ, ಟ್ರಾಯಿಯಲ್ಲಿಯೂ ಇದೆ, ಹಾಗಾದರೆ ಇದು "ಆರ್ಯ ಜನಾಂಗ"ದ ಮುದ್ರೆ ಎಂಬ ಪಾಂಡಿತ್ಯ ಹುಟ್ಟಿಕೊಂಡಿತು. ಪಾಂಡಿತ್ಯಕ್ಕೆ ದುರಭಿಮಾನ ಸೇರಿದರೆ ಆಗುವುದು ಗೊತ್ತೇ ಇದೆ. 1920ರಲ್ಲಿ ನಾಜಿ ಪಕ್ಷ ಅದನ್ನು ತನ್ನ ಬಾವುಟದ ಮೇಲೆ ಏರಿಸಿತು. ಜರ್ಮನರು ಅದನ್ನು ಸ್ವಸ್ತಿಕ ಎನ್ನುವುದಿಲ್ಲ. ಅವರ ಭಾಷೆಯಲ್ಲಿ ಅದರ ಹೆಸರು ಹಾಕೆನ್‌ಕ್ರಾಯ್ಟ್ಸ್, ಎಂದರೆ ಕೊಕ್ಕೆಯ ಶಿಲುಬೆ. 1935ರ ಸೆಪ್ಟೆಂಬರ್ 15ರಂದು ನ್ಯೂರೆಂಬರ್ಗಿನಲ್ಲಿ ಅದೇ ರಾಷ್ಟ್ರಧ್ವಜವೆಂದು ಕಾಯಿದೆಯಾಯಿತು. ಅದೇ ದಿನ, ಅದೇ ಸಭೆಯಲ್ಲಿ, ಯೆಹೂದ್ಯರ ನಾಗರಿಕ ಹಕ್ಕನ್ನು ಕಿತ್ತುಕೊಳ್ಳುವ ಕಾಯಿದೆಯೂ ಆಯಿತು. ಬಾವುಟ ಬೇರೆ, ಕ್ರೌರ್ಯ ಬೇರೆ ಎಂದು ಹೇಳಲು ಅವರೇ ಅವಕಾಶ ಉಳಿಸಲಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಕಳೆಯಬೇಕು. ನಮ್ಮದು ಬಲಕ್ಕೆ ತಿರುಗಿದ್ದು, ಹಿಟ್ಲರನದು ಎಡಕ್ಕೆ ತಿರುಗಿದ್ದು, ಆದ್ದರಿಂದ ಎರಡೂ ಬೇರೆ ಎಂದು ನಮ್ಮವರು ಬಹಳ ಮಂದಿ ಧೈರ್ಯವಾಗಿ ಹೇಳುತ್ತಾರೆ. ನಾನೂ ಹಿಂದೆ ತರಗತಿಯಲ್ಲಿ ಹೇಳಿದ್ದುಂಟು. ಅದು ನಿಜವಲ್ಲ. ನಾಜಿಗಳ ಗುರುತೂ ನಮ್ಮ ಸಾಮಾನ್ಯ ಸ್ವಸ್ತಿಕದಂತೆ ಬಲಕ್ಕೇ ತಿರುಗಿದ್ದು. ಅವರು ಅದನ್ನು ಬಹುಮಟ್ಟಿಗೆ ಓರೆಯಾಗಿ ನಿಲ್ಲಿಸಿದರು. ಆದರೆ ನೆಟ್ಟಗೆ ನಿಲ್ಲಿಸಿದ್ದೂ ಉಂಟು. ನಮ್ಮಲ್ಲಿಯೂ ಎರಡು ದಿಕ್ಕಿನವೂ ಇವೆ. ಗೆರೆಯನ್ನು ಅಳೆದು ಪಾಪಪುಣ್ಯ ಹೇಳಲಾಗದು. ಆ ಗುರುತಿನ ಕೆಳಗೆ ಯಾರು ಏನು ಮಾಡಿದರು, ಅದನ್ನು ಈಗ ನೋಡುವವರು ಯಾರು, ಇವೆರಡನ್ನು ಕೇಳಿಯೇ ತಿಳಿಯಬೇಕು. ಇಂಗ್ಲಿಷ್ ಲೇಖಕ ಕಿಪ್ಲಿಂಗ್ ನಮ್ಮ ದೇಶದಲ್ಲಿ ಹುಟ್ಟಿದವನು. ಅವನ ಪುಸ್ತಕಗಳ ಮೇಲೆ ಬಹುಕಾಲ ಸ್ವಸ್ತಿಕ ಅಚ್ಚಾಗುತ್ತಿತ್ತು. ನಾಜಿಗಳು ಮೇಲೆದ್ದ ಮೇಲೆ ಅವನೇ ಅದನ್ನು ತೆಗೆಸಿಹಾಕಿದ.

ಆ ಉಪಾಧ್ಯಾಯಿನಿ ಮಾಡಿದ್ದು ಇಷ್ಟು. ಕಾರ್ಡುಗಳನ್ನು ಹರಿಯಲಿಲ್ಲ, ಎತ್ತಿ ಹಿಡಿದು ತರಗತಿಗೆ ತೋರಿಸಲೂ ಇಲ್ಲ. "ಇವನ್ನು ಇನ್ನೂ ಹಂಚಬೇಡ, ನನ್ನ ಮೇಜಿನಲ್ಲಿರಲಿ" ಎಂದು ತೆಗೆದಿಟ್ಟುಕೊಂಡಳು. ಪಾಠ ಮುಗಿದ ಮೇಲೆ ಅವನೊಬ್ಬನನ್ನೇ ಕೂರಿಸಿಕೊಂಡು, ನಿಮ್ಮ ಮನೆಯಲ್ಲಿ ಇದನ್ನು ಎಲ್ಲಿ ಬರೆಯುತ್ತೀರಿ, ಯಾವಾಗ ಬರೆಯುತ್ತೀರಿ ಎಂದು ಕೇಳಿದಳು. ಬಾಗಿಲಲ್ಲಿ, ಅಮ್ಮ ಬರೆಯುತ್ತಾಳೆ, ಒಳ್ಳೆಯದಾಗಲಿ ಎಂದು ಬರೆಯುತ್ತಾಳೆ, ಎಂದ ಹುಡುಗ. ಆಕೆ ನೋಟು ಪುಸ್ತಕದಲ್ಲಿ ಗುರುತು ಹಾಕಿಕೊಂಡಳಂತೆ. ಮೇಷ್ಟರೊಬ್ಬರು ಹನ್ನೊಂದು ವರ್ಷದವನ ಮಾತನ್ನು ಬರೆದುಕೊಳ್ಳುವುದೆಂದರೆ ಹುಡುಗನಿಗೆ ಎಷ್ಟು ಗೌರವ! ಆಮೇಲೆಯೇ ತಾಯಿಗೆ ಹೇಳಿಕಳುಹಿಸಿದ್ದು.

ಸೋದರಸೊಸೆ ವಾದಕ್ಕೆ ಸಿದ್ಧಳಾಗಿಯೇ ಹೋಗಿದ್ದಳು. ವಾದ ಆಗಲಿಲ್ಲ. ಉಪಾಧ್ಯಾಯಿನಿ ಆಕೆಯನ್ನೂ ಹುಡುಗನನ್ನೂ ಶಾಲೆಯ ಹಿಂದಿನ ಬೀದಿಗೆ ಕರೆದುಕೊಂಡು ಹೋದಳು. ಅಲ್ಲಿ ಒಂದು ಮನೆಯ ಬಾಗಿಲ ಮುಂದೆ, ಕಾಲುದಾರಿಯಲ್ಲಿ, ಅಂಗೈಯಗಲದ ನಾಲ್ಕು ಹಿತ್ತಾಳೆಯ ಬಿಲ್ಲೆಗಳನ್ನು ಕಲ್ಲಿನ ನಡುವೆ ಕೂರಿಸಿದೆ. ಜರ್ಮನಿಯಲ್ಲಿ ಇಂಥವು ಊರೂರಲ್ಲಿ ಇವೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1992ರಲ್ಲಿ ಈ ಕೆಲಸ ಆರಂಭಿಸಿದ. 2023ರ ವೇಳೆಗೆ ಯೂರೋಪಿನಲ್ಲೆಲ್ಲ ಒಂದು ಲಕ್ಷ ಬಿಲ್ಲೆಗಳಾದವು. ನಾಜಿಗಳು ಹಿಡಿದೊಯ್ದವರು ತಾವಾಗಿ ಆರಿಸಿಕೊಂಡು ಬಾಳಿದ ಕಡೆಯ ಮನೆಯ ಮುಂದೆ, ಇಲ್ಲಿ ಇಂಥವರು ವಾಸವಾಗಿದ್ದರು ಎಂದು ಹೆಸರು, ಹುಟ್ಟಿದ ವರ್ಷ, ಒಯ್ದ ವರ್ಷ, ಕೊಂದ ಸ್ಥಳ ಕೆತ್ತಿರುತ್ತದೆ. ಆ ನಾಲ್ಕರಲ್ಲಿ ಒಂದು ಹತ್ತು ವರ್ಷದ ಹುಡುಗಿಯದು. "ನಿಮ್ಮ ಮನೆಯ ಬಾಗಿಲಿನ ಗುರುತು ನಿಮ್ಮ ಬಾಗಿಲಿನಲ್ಲೇ ಇರಲಿ. ಅದನ್ನು ಅಳಿಸಿರೆಂದು ನಾನು ಹೇಳುವುದಿಲ್ಲ. ಈ ಬಾಗಿಲಿಗೆ ಅದೇ ಗುರುತನ್ನು ತೋಳಿಗೆ ಕಟ್ಟಿಕೊಂಡವರು ಬಂದಿದ್ದರು. ನನ್ನ ತರಗತಿಯ ಮಕ್ಕಳು ಈ ಬೀದಿಯ ಮಕ್ಕಳು" ಎಂದಳಂತೆ ಆಕೆ. ಸೋದರಸೊಸೆ ಬರೆದ ಕಾಗದದ ಸಿಟ್ಟು ಮೂರನೆಯ ಹಾಳೆಯಲ್ಲಿ ಇಳಿದಿತ್ತು.

ಆ ದೇಶದ ಮೇಷ್ಟರುಗಳು ಇಷ್ಟು ಎಚ್ಚರವಾಗಿರುವುದಕ್ಕೆ ಒಂದು ಕಾರಣವುಂಟು. ತಪ್ಪಿನ ದೊಡ್ಡ ಪಾಲು ಅವರ ವೃತ್ತಿಯದೇ. 1933ರ ಏಪ್ರಿಲ್ ತಿಂಗಳಲ್ಲಿಯೇ ಯೆಹೂದ್ಯ ಉಪಾಧ್ಯಾಯರನ್ನು ಸರ್ಕಾರಿ ಕೆಲಸದಿಂದ ತೆಗೆಯುವ ಕಾಯಿದೆ ಬಂದಿತು, ಉಳಿದವರು ಸುಮ್ಮನಿದ್ದರು. ಕೆಲವೇ ವರ್ಷಗಳಲ್ಲಿ ನೂರಕ್ಕೆ 90ಕ್ಕೂ ಮಿಕ್ಕಿ ಉಪಾಧ್ಯಾಯರು ನಾಜಿ ಉಪಾಧ್ಯಾಯ ಸಂಘದ ಸದಸ್ಯರಾದರು. ಗಣಿತದ ಪುಸ್ತಕದಲ್ಲಿ, ಅಂಗವಿಕಲರನ್ನೂ ಬುದ್ಧಿಮಾಂದ್ಯರನ್ನೂ ಸಾಕಲು ಸರ್ಕಾರಕ್ಕೆ ತಗಲುವ ಖರ್ಚೆಷ್ಟು, ಅದರಲ್ಲಿ ಎಷ್ಟು ಮನೆ ಕಟ್ಟಬಹುದು ಎಂಬ ಲೆಕ್ಕಗಳು. 1938ರಲ್ಲಿ "ವಿಷದ ಅಣಬೆ" ಎಂಬರ್ಥದ ಹೆಸರಿನ ಒಂದು ಬಣ್ಣದ ಮಕ್ಕಳ ಪುಸ್ತಕ ಬಂದಿತು. ಅದರಲ್ಲಿ ಒಂದು ಚಿತ್ರ: ತರಗತಿಯ ಕರಿಹಲಗೆ, ಅದರ ಮುಂದೆ ಹುಡುಗ, ಯೆಹೂದ್ಯನ ಮೂಗು ಆರರ ಅಂಕಿಯಂತಿರುತ್ತದೆ ಎಂಬ ಪಾಠ. ಹಲಗೆ, ಸೀಮೆಸುಣ್ಣ, ಕೋಲು, ಎಲ್ಲ ನಮ್ಮವೇ ಸಲಕರಣೆಗಳು. ಅದೇ ವರ್ಷದ ನವೆಂಬರಿನಲ್ಲಿ ಯೆಹೂದ್ಯ ಮಕ್ಕಳನ್ನು ಸರ್ಕಾರಿ ಶಾಲೆಗಳಿಂದ ಹೊರಕ್ಕೆ ಹಾಕಿದರು. 1941ರ ಸೆಪ್ಟೆಂಬರಿನಿಂದ ಆರು ವರ್ಷ ತುಂಬಿದ ಪ್ರತಿಯೊಬ್ಬ ಯೆಹೂದ್ಯನೂ ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕಾಯಿತು. ಒಂದು ಗುರುತು ತೋಳಿನ ಮೇಲೆ, ಒಂದು ಗುರುತು ಎದೆಯ ಮೇಲೆ. ನಮ್ಮ ಲೆಕ್ಕದಲ್ಲಿ ಒಂದನೆಯ ತರಗತಿಗೆ ಸೇರುವ ವಯಸ್ಸು ಅದು.

ಯುದ್ಧ ಮುಗಿದ ಕೂಡಲೇ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಬಹಳ ವರ್ಷ ಪಶ್ಚಿಮ ಜರ್ಮನಿಯ ಅನೇಕ ತರಗತಿಗಳಲ್ಲಿ ಚರಿತ್ರೆಯ ಪಾಠ ಹಿಟ್ಲರನ ಕಾಲ ಬರುವ ಮುಂಚೆಯೇ ಪರೀಕ್ಷೆಯ ನೆಪದಲ್ಲಿ ಮುಗಿದುಹೋಗುತ್ತಿತ್ತು. ಕಷ್ಟದ ಅಧ್ಯಾಯಗಳನ್ನು ಫೆಬ್ರವರಿ ಕಡೆಗೆ ತಳ್ಳುವ ವಿದ್ಯೆ ನಮಗೂ ಗೊತ್ತು. 1959ರ ಕ್ರಿಸ್ಮಸ್ ರಾತ್ರಿ ಕಲೋನ್ ನಗರದಲ್ಲಿ, ಆಗಷ್ಟೇ ಪುನಃ ಕಟ್ಟಿ ತೆರೆದಿದ್ದ ಯೆಹೂದ್ಯರ ಪ್ರಾರ್ಥನಾ ಮಂದಿರದ ಗೋಡೆಗೆ ಯಾರೋ ಕೊಕ್ಕೆಯ ಶಿಲುಬೆ ಬಳಿದರು. ಕೆಲವೇ ವಾರಗಳಲ್ಲಿ ಅಂಥವೇ ನೂರಾರು ಪ್ರಕರಣಗಳು ದೇಶದಲ್ಲೆಲ್ಲ ನಡೆದವು. ಬಳಿದವರಲ್ಲಿ ಎಳೆಯ ಹುಡುಗರೂ ಇದ್ದರು. ಆಗ ಎಚ್ಚರವಾಯಿತು. 1960ರ ಫೆಬ್ರವರಿಯಲ್ಲಿ ಅಲ್ಲಿನ ರಾಜ್ಯಗಳ ಶಿಕ್ಷಣ ಮಂತ್ರಿಗಳು ಸೇರಿ, ಈಚಿನ ಚರಿತ್ರೆಯನ್ನು ಶಾಲೆಗಳಲ್ಲಿ ಬಿಡದೆ ಹೇಳಿಕೊಡಬೇಕೆಂದು ನಿರ್ಣಯ ಮಾಡಿದರು. 1966ರಲ್ಲಿ ಅಡೋರ್ನೊ ಎಂಬ ತತ್ತ್ವಜ್ಞಾನಿ, ಆಶ್‌ವಿಟ್ಸ್‌ನ ಅನಂತರ ಶಿಕ್ಷಣ ಹೇಗಿರಬೇಕೆಂದು ಒಂದು ಭಾಷಣ ಮಾಡಿದ. ಇಂದಿಗೂ ಅದನ್ನು ಉಪಾಧ್ಯಾಯರು ಓದುತ್ತಾರೆ. ಅದು ಮೊದಲು ರೇಡಿಯೋ ಭಾಷಣವಾಗಿತ್ತು ಎಂಬುದನ್ನು ರೇಡಿಯೋ ಮನೆಗಳವರಾದ ನಿಮಗೆ ಹೇಳಲು ಸಂತೋಷವಾಗುತ್ತದೆ.

ಅಲ್ಲಿನ ದಂಡಸಂಹಿತೆಯ 86ಎ ವಿಧಿಯ ಪ್ರಕಾರ ನಾಜಿ ಗುರುತನ್ನು ಬಹಿರಂಗವಾಗಿ ತೋರಿಸಿದವರಿಗೆ ಜುಲ್ಮಾನೆ, ಇಲ್ಲವೆ ಮೂರು ವರ್ಷದವರೆಗೆ ಸಜೆ ಆಗಬಹುದು. ಆದರೆ ಪಾಠಕ್ಕೆ, ಸಂಶೋಧನೆಗೆ, ಕಲೆಗೆ ವಿನಾಯಿತಿ ಉಂಟು. ಈ ವಿನಾಯಿತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಬೀದಿಯಲ್ಲಿ ನಿಷಿದ್ಧವಾದದ್ದನ್ನು ತರಗತಿಯಲ್ಲಿ ಮಾತ್ರ ತೆರೆದು ನೋಡಬಹುದು. ಅಷ್ಟು ನಂಬಿಕೆಯನ್ನು ಕಾನೂನು ಮೇಷ್ಟರ ಮೇಲೆ ಇಟ್ಟಿದೆ. ಈಚೆಗೆ ನಮ್ಮ ಸ್ವಸ್ತಿಕದ ಬಗ್ಗೆಯೂ ಹೊರದೇಶಗಳಲ್ಲಿ ವಿವೇಚನೆ ಬಂದಿದೆ. 2022ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ ನಾಜಿ ಗುರುತನ್ನು ನಿಷೇಧಿಸಿದಾಗ, ಹಿಂದೂ, ಬೌದ್ಧ, ಜೈನರ ಸ್ವಸ್ತಿಕಕ್ಕೆ ಅದು ಅನ್ವಯಿಸದೆಂದು ಕಾಯಿದೆಯಲ್ಲೇ ಬರೆಯಿತು. ಅದೇ ವರ್ಷ ಕ್ಯಾಲಿಫೋರ್ನಿಯವೂ ಎರಡನ್ನೂ ಬೇರೆಬೇರೆ ಹೆಸರಿನಿಂದ ಗುರುತಿಸಿತು.

ಇನ್ನು ಬೆಂಚಿನ ಸ್ವಸ್ತಿಕ. ಅದೇ ಶಾಲೆಯ ಮೇಲಿನ ತರಗತಿಯಲ್ಲಿ ಅದಕ್ಕೆ ಕೆಲವು ವಾರ ಮುಂಚೆ ಒಂದು ಬೆಂಚಿನ ಮೇಲೆ ಯಾರೋ ಕೈವಾರದ ಮೊನೆಯಿಂದ ಕೊಕ್ಕೆಯ ಶಿಲುಬೆ ಗೀಚಿದ್ದರು. ಹೊರದೇಶದಿಂದ ಆಶ್ರಯ ಕೇಳಿ ಬಂದ ಮನೆಯ ಹುಡುಗಿಯೊಬ್ಬಳು ಕೂರುವ ಜಾಗ ಅದು. ರೂಪದಲ್ಲಿ ನಮ್ಮ ಹುಡುಗನ ಕಾರ್ಡಿನದಕ್ಕೂ ಇದಕ್ಕೂ ವ್ಯತ್ಯಾಸ ಕಡಮೆ. ಆದರೆ ಶಾಲೆ ನಡೆದುಕೊಂಡ ರೀತಿ ಪೂರಾ ಬೇರೆ. ಮೊದಲು ಅದರ ಚಿತ್ರ ತೆಗೆದು, ಮೇಲೆ ಕಾಗದ ಅಂಟಿಸಿದರು. ಬರೆದವನನ್ನು ಹುಡುಕುವುದಕ್ಕೆ ಮುಂಚೆ ಹುಡುಗಿಯನ್ನು ಒಬ್ಬಳನ್ನೇ ಕರೆದು ಮಾತನಾಡಿಸಿದರು: ಈ ತರಗತಿಯಲ್ಲೇ ಕೂರುತ್ತೀಯಾ, ಮನೆಗೆ ಹೇಳಬೇಕೆ, ಜೊತೆಗೆ ಯಾರಿರಬೇಕು. ಆಮೇಲೆ ಹುಡುಗ ಸಿಕ್ಕಿದ. ತಮಾಷೆಗೆ ಮಾಡಿದೆ ಎಂದ. ಈ ಉತ್ತರವನ್ನು ಕೇಳದ ಮೇಷ್ಟರು ಭೂಮಿಯ ಮೇಲೆ ಇರಲಾರರು. "ತಮಾಷೆ ಯಾರಿಗೆ?" ಎಂದು ಕೇಳಿ ಅವರು ಉತ್ತರಕ್ಕಾಗಿ ಕಾದರಂತೆ, ಬಹಳ ಹೊತ್ತು ಕಾದರಂತೆ. ಅಲ್ಲಿ ಹದಿನಾಲ್ಕು ತುಂಬಿದವರು ದಂಡಸಂಹಿತೆಗೆ ಒಳಪಟ್ಟವರು, ಇವನಿಗೆ ಹದಿನೈದು. ತಂದೆತಾಯಿಯರನ್ನು ಕರೆಸಿದರು, ಮೇಲಿನವರಿಗೆ ವರದಿ ಹೋಯಿತು. ಅದರ ಜೊತೆಗೆ ಆ ನಾಲ್ಕು ಹಿತ್ತಾಳೆ ಬಿಲ್ಲೆಗಳಲ್ಲಿ ಒಂದನ್ನು ಅವನಿಗೆ ಒಪ್ಪಿಸಿದರು: ಊರಿನ ದಫ್ತರಕ್ಕೆ ಹೋಗಿ, ಆ ಹೆಸರಿನವರು ಯಾರು, ಯಾವ ಶಾಲೆಗೆ ಹೋಗುತ್ತಿದ್ದರು, ಯಾವ ದಿನ ಹೆಸರು ಹೊಡೆದುಹಾಕಿದರು, ಹುಡುಕಿ ಬರೆದುಕೊಂಡು ಬಾ. ಅವನ ಮನಸ್ಸು ಬದಲಾಯಿತೋ ಇಲ್ಲವೋ ಸೋದರಸೊಸೆ ಬರೆದಿಲ್ಲ. ನಾನೂ ಕೇಳಿಲ್ಲ. ಹದಿನೈದರ ಹುಡುಗನ ಮನಸ್ಸು ಬದಲಾದದ್ದು ಮೇಷ್ಟರಿಗೆ ಗೊತ್ತಾಗುವುದು ಅಪರೂಪ.

ಆ ಉಪಾಧ್ಯಾಯರಿಗೆ ಒಂದು ಕಟ್ಟಳೆಯೂ ಇದೆ. 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಸೇರಿದ್ದ ಶಿಕ್ಷಣತಜ್ಞರ ಮಾತುಕತೆಯಿಂದ ಹೊರಟದ್ದು. ಮೇಷ್ಟರು ತಮ್ಮ ಅಭಿಪ್ರಾಯವನ್ನು ಹುಡುಗರ ಮೇಲೆ ಹೇರಕೂಡದು. ಸಮಾಜದಲ್ಲಿ ವಾದವಿರುವ ವಿಷಯವನ್ನು ತರಗತಿಯಲ್ಲಿಯೂ ವಾದವಾಗಿಯೇ ಇಡಬೇಕು. ಹುಡುಗ ತನ್ನ ಹಿತವನ್ನು ತಾನೇ ತೂಗಿ ನೋಡುವಂತಾಗಬೇಕು. ಹಾಗಾದರೆ ದ್ವೇಷದ ಮಾತಿಗೂ ಎರಡು ಪಕ್ಷ ಉಂಟೇ ಎಂದು ಕೇಳುವವರಿದ್ದಾರೆ. ಇಲ್ಲ. ಮನುಷ್ಯನ ಘನತೆ ಉಲ್ಲಂಘಿಸಬಾರದ್ದು ಎಂಬುದು 1949ರ ಅವರ ಮೂಲಶಾಸನದ ಮೊದಲನೆಯ ವಿಧಿ. ಅದು ಚರ್ಚಾಕೂಟದ ವಿಷಯವಲ್ಲ. ತೆರಿಗೆ ಎಷ್ಟಿರಬೇಕೆಂಬುದಕ್ಕೆ ಎರಡು ಪಕ್ಷ; ಬೆಂಚಿನ ಹುಡುಗಿ ಅಲ್ಲಿ ಕೂರಬಹುದೆ ಎಂಬುದಕ್ಕೆ ಒಂದೇ.

ಅನುಭವವನ್ನೇ ಪಾಠವಾಗಿ ಕೊಟ್ಟವರೂ ಉಂಟು. ಅಮೆರಿಕದ ಅಯೋವ ರಾಜ್ಯದ ರೈಸ್‌ವಿಲ್ ಎಂಬ ಸಣ್ಣ ಊರಿನ ಜೇನ್ ಎಲಿಯಟ್, ಮಾರ್ಟಿನ್ ಲೂಥರ್ ಕಿಂಗರ ಕೊಲೆಯಾದ ಮಾರನೆಯ ದಿನ, 1968ರ ಏಪ್ರಿಲ್ 5ರಂದು, ತನ್ನ ಮೂರನೆಯ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಭಾಗಮಾಡಿ, ನೀಲಿ ಕಣ್ಣಿನವರು, ಕಂದು ಕಣ್ಣಿನವರು, ಇವರಲ್ಲಿ ಒಂದು ಗುಂಪು ಮೇಲು, ಇನ್ನೊಂದು ಕೀಳು ಎಂದು ನಡೆಸಿಕೊಂಡಳು. ಆಮೇಲೆ ತಿರುಗುಮುರುಗು ಮಾಡಿದಳು. ಗಂಟೆಗಳೊಳಗೆ ಸ್ನೇಹಿತರು ಸ್ನೇಹಿತರನ್ನು ಹೀಯಾಳಿಸತೊಡಗಿದರು. ಪ್ರಸಿದ್ಧವಾದ ಪ್ರಯೋಗ. ಆಕೆಯ ಧೈರ್ಯ ದೊಡ್ಡದು. ಆದರೂ ಎಂಟು ವರ್ಷದ ಮಗುವಿಗೆ, ಅದರ ಮೇಷ್ಟರ ಬಾಯಿಂದಲೇ, ನೀನು ಕೀಳು ಎಂದು ಹೇಳಿಸಲು ನನಗೆ ಮನಸ್ಸು ಬಾರದು. ನಮ್ಮಲ್ಲಿ ಆ ಪಾಠ ಹೇಗೂ ಪುಕ್ಕಟೆಯಾಗಿ ಸಿಗುತ್ತದೆ.

ಹೌದು, ನಮ್ಮಲ್ಲಿ. ನಮ್ಮ ಸ್ವಸ್ತಿಕವನ್ನು ಅರ್ಥಮಾಡಿಕೊಳ್ಳಿ ಎಂದು ಲೋಕವನ್ನು ಕೇಳುವ ನಾವು ನಮ್ಮ ಬೆಂಚುಗಳ ಕಡೆಗೂ ನೋಡಬೇಕಲ್ಲ? ಸಾತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರರು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರುತ್ತಿದ್ದರು. ಜವಾನ ನಲ್ಲಿ ತಿರುಗಿಸಿದರೆ ಮಾತ್ರ ಅವರಿಗೆ ನೀರು, ಜವಾನ ಬಾರದ ದಿನ ನೀರಿಲ್ಲ. ಇದನ್ನು ಅವರೇ ಬರೆದಿಟ್ಟಿದ್ದಾರೆ. ಆ ಗೋಣಿತಟ್ಟೂ ಒಂದು ಗುರುತೇ. 1950ರ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು; ಗುರುತುಗಳು ವೇಷ ಬದಲಾಯಿಸಿದವು. ಪಕ್ಕದ ತಮಿಳುನಾಡಿನ ಕೆಲವು ಶಾಲೆಗಳಲ್ಲಿ ಹುಡುಗರು ಜಾತಿಗೊಂದು ಬಣ್ಣದ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದರು. 2019ರಲ್ಲಿ ಇಲಾಖೆ ಅದನ್ನು ತಡೆಯಲು ಸುತ್ತೋಲೆ ಕಳುಹಿಸಿತು. 2023ರ ಆಗಸ್ಟಿನಲ್ಲಿ ನಾಂಗುನೇರಿಯಲ್ಲಿ ದಲಿತ ವಿದ್ಯಾರ್ಥಿಯೊಬ್ಬನನ್ನೂ ಅವನ ತಂಗಿಯನ್ನೂ ಮನೆಗೆ ನುಗ್ಗಿ ಮಚ್ಚಿನಿಂದ ಕಡಿದವರು ಅವನ ಶಾಲೆಯ ಹುಡುಗರೇ. ಆ ಮೇಲೆ ಸರ್ಕಾರ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಚಂದ್ರು ಅವರ ಸಮಿತಿ 2024ರ ಜೂನಿನಲ್ಲಿ ವರದಿ ಕೊಟ್ಟು, ಜಾತಿ ಸೂಚಿಸುವ ಪಟ್ಟಿ, ಉಂಗುರ, ಹಣೆಯ ಗುರುತು ಶಾಲೆಯಲ್ಲಿ ಕೂಡದೆಂದು ಶಿಫಾರಸು ಮಾಡಿತು. ವಾದವಿವಾದ ಎದ್ದಿತು. ಪಟ್ಟಿಯನ್ನು ಗೇಟಿನಲ್ಲಿ ಕತ್ತರಿಸಬಹುದು, ಸರಿ. ಗೇಟಿನೊಳಗೆ ಬಂದ ಮೇಲೆ ಮೇಷ್ಟರು ಏನು ಮಾಡುತ್ತಾರೆ?

ಸೋದರಸೊಸೆಯ ಕಾಗದದ ಕೊನೆಗೆ ಮೊಮ್ಮಗ ಒಂದು ಪ್ರಶ್ನೆ ಸೇರಿಸಿದ್ದ: ತಾತ, ನಿಮ್ಮ ಶಾಲೆಯಲ್ಲಿ ಯಾರಾದರೂ ಇಂಥದ್ದು ಬರೆದಿದ್ದರೇ? ನೀವು ಏನು ಮಾಡಿದಿರಿ?

ಬರೆದಿದ್ದರು. 1980ರ ದಶಕದ ಮೊದಲ ವರ್ಷಗಳು, ಹಳೆಯ ಮೈಸೂರಿನ ಕಡೆಯ ಒಂದು ತಾಲ್ಲೂಕು ಊರು, ಒಂಬತ್ತನೆಯ ತರಗತಿ. ನಾನು ಒಳಗೆ ಹೋದಾಗ ಕರಿಹಲಗೆಯ ಮೇಲೆ ಒಂದು ತಮಟೆಯ ಚಿತ್ರವಿತ್ತು, ಅದರ ಕೆಳಗೆ ಒಬ್ಬ ಹುಡುಗನ ಹೆಸರು. ಚಿತ್ರದ ಅರ್ಥ ತರಗತಿಗೆಲ್ಲ ಗೊತ್ತು, ನನಗೂ ಗೊತ್ತು. ತಮಟೆಯಲ್ಲಿ ಅವಮಾನವೇನೂ ಇಲ್ಲ. ಊರ ಹಬ್ಬ ಅದಿಲ್ಲದೆ ಹೊರಡದು. ಬರೆದ ಕೈ ಅದನ್ನು ಅವಮಾನ ಮಾಡಿತ್ತು. ನಾನು ಡಸ್ಟರ್ ತೆಗೆದುಕೊಂಡು ಒರೆಸಿದೆ. ಯಾರು ಬರೆದದ್ದೆಂದು ಗುಡುಗಿದೆ. ಯಾರೂ ಏಳಲಿಲ್ಲ. ತರಗತಿಯನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸಿ, ಅಶೋಕನ ಶಾಸನಗಳ ಪಾಠ ಆರಂಭಿಸಿದೆ. ಕಟ್ಟುನಿಟ್ಟಾಗಿ ನಡೆದುಕೊಂಡೆನೆಂದು ಆ ಸಂಜೆ ನನಗೆ ಹೆಮ್ಮೆಯೂ ಆಗಿರಬೇಕು. ಮುಂದಿನ ವಾರದಿಂದ ಆ ಹುಡುಗ ಬರಲಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೋದನೆಂದರು. ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಅವನ ಹೆಸರು ಹೊಡೆದವನು ನಾನೇ.

ನಿವೃತ್ತನಾದ ಮೇಲೆ ಒಂದು ದಿನ ಬಸ್ ನಿಲ್ದಾಣದಲ್ಲಿ ನಲವತ್ತು ದಾಟಿದ ಒಬ್ಬರು ಬಂದು ನಮಸ್ಕಾರ ಮಾಡಿದರು. ಹೆಸರು ಹೇಳಿದ ಕೂಡಲೇ ನನಗೆ ಹಲಗೆ ಕಣ್ಣ ಮುಂದೆ ಬಂದಿತು. ಕಟ್ಟಡದ ಮೇಸ್ತ್ರಿಯಾಗಿದ್ದಾರಂತೆ, ಮಗಳು ಕಾಲೇಜಿನಲ್ಲಿ ಓದುತ್ತಿದ್ದಾಳಂತೆ. ನಾನೇ ಆ ಮಾತು ತೆಗೆದೆ. "ಆ ದಿನ ನಾನು ಕೂಡಲೇ ಒರೆಸಿಬಿಟ್ಟೆ, ನೆನಪಿದೆಯೇನಪ್ಪಾ?" ಎಂದೆ. "ಒರೆಸಿದಿರಿ ಸಾರ್, ಚೆನ್ನಾಗಿ ಒರೆಸಿದಿರಿ" ಎಂದರು. ಸ್ವಲ್ಪ ತಡೆದು, "ನನ್ನ ಕಡೆ ನೋಡಲಿಲ್ಲ. ಆಮೇಲೆ ನನ್ನನ್ನೂ ಬೆಂಚಿನ ಮೇಲೆ ನಿಲ್ಲಿಸಿದಿರಿ" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಕಾಫಿ ಕೊಡಿಸಿದರು, ದುಡ್ಡು ನಾನು ಕೊಡುತ್ತೇನೆಂದರೆ ಬಿಡಲಿಲ್ಲ.

ಮೊಮ್ಮಗನಿಗೆ ಉತ್ತರವಾಗಿ ಇದಿಷ್ಟನ್ನೂ ಬರೆದು ಅಂಚೆಗೆ ಹಾಕಿದ್ದೇನೆ. ಅವನಿಗೆ ಕನ್ನಡ ಓದಲು ಬಾರದು. ಅವನ ತಾಯಿ ಓದಿ ಹೇಳುತ್ತಾಳೆ.